ಗಂಟಣ್ಣನ ಸ್ಕಾರ್ಫು

ಗಂಟಣ್ಣನಿಗೆ ಅವರಪ್ಪ ಇಟ್ಟ ಹೆಸರು ಬೇರೆ ಇತ್ತು. ಅದು ಹೆಂಡತಿಗೂ ಮರೆತುಹೋಗಿ, ಯಾರಾದರೂ ಕೇಳಿದರೆ ಒಳಗೆ ಹೋಗಿ ಅವನ ಲೈಸೆನ್ಸ್ ನೋಡಿಕೊಂಡು ಬಂದು ಹೇಳುತ್ತಿದ್ದಳು. ಊರಿಗೆಲ್ಲ ಅವನು ಗಂಟಣ್ಣ. ಟ್ರಾನ್ಸ್‌ಪೋರ್ಟ್ ಆಫೀಸಿನ ಹಿಂದಿನ ಗೋಡೌನಿನಲ್ಲಿ ಲಾರಿಗೆ ಲೋಡು ಕಟ್ಟುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ. ಮೂಟೆ, ಫ್ರಿಜ್ಜು, ಕಬ್ಬಿಣದ ಸರಳು, ಒಂದು ಸಲ ಸರ್ಕಸ್ಸಿನವರ ಉಯ್ಯಾಲೆ, ಏನು ಬೇಕಾದರೂ ತಂದುಕೊಡಿ, ಟಾರ್ಪಾಲು ಎಳೆದು, ಹಗ್ಗ ಹಾಯಿಸಿ, ಮೊಣಕಾಲು ಕೊಟ್ಟು ಜಗ್ಗಿ ಒಂದು ಗಂಟು ಹಾಕಿದನೆಂದರೆ ಮುಗಿಯಿತು. ಒಮ್ಮೆ ಅವನು ಕಟ್ಟಿದ ಲಾರಿ ಹಳ್ಳಕ್ಕೆ ಬಿದ್ದು ಚಕ್ರ ಮೇಲಾಯಿತು. ಡ್ರೈವರ್ ಹೊರಗೆ ಬಿದ್ದ, ಕ್ಲೀನರ್ ಹೊರಗೆ ಬಿದ್ದ, ಮೂಟೆ ಒಂದೂ ಬೀಳಲಿಲ್ಲ.

ಇಷ್ಟೆಲ್ಲ ಇದ್ದರೂ ಒಂದು ವಿಷಯ ಯಾರೂ ಗಮನಿಸಿರಲಿಲ್ಲ. ಈ ಮನುಷ್ಯ ಹುಟ್ಟಿದಾರಭ್ಯ ಒಂದು ಗಂಟನ್ನೂ ಬಿಚ್ಚಿದವನಲ್ಲ. ಯಾಕೆ ಬಿಚ್ಚಬೇಕು ಹೇಳಿ? ಲೋಡು ಕಟ್ಟುವುದು ಈ ಊರಲ್ಲಿ, ಇಳಿಸುವುದು ಎರಡು ದಿನದ ದಾರಿಯಾಚೆ ಇನ್ಯಾವುದೋ ಊರಲ್ಲಿ. "ಬಿಚ್ಚೋದು ಆ ಕಡೆಯವರ ಕೆಲಸ" ಅಂತ ಅವನು ಕೈ ಒರೆಸಿಕೊಳ್ಳುತ್ತಿದ್ದ. ಮನೆಯಲ್ಲೂ ಅದೇ ಕಥೆ. ಊಟದ ಡಬ್ಬಿಯ ಚೀಲ, ಬಟ್ಟೆಯ ಗಂಟು, ಹಿತ್ತಲ ಬಾಗಿಲು, ಎಲ್ಲವನ್ನೂ ಲಾರಿ ಅಂದುಕೊಂಡು ಬಿಗಿಯುವುದು, ಆಮೇಲೆ ಎದ್ದು ಹೋಗುವುದು. ಮದುವೆಯಾದ ಮೊದಲ ವರ್ಷ ಹೆಂಡತಿ ಅತ್ತಳು, ಎರಡನೇ ವರ್ಷ ಬೈದಳು, ಮೂರನೇ ವರ್ಷ ತಲೆಯಿಂದ ಹೇರ್‌ಪಿನ್ನು ಕಿತ್ತು ತಾನೇ ಬಿಚ್ಚುವುದನ್ನು ಕಲಿತಳು.

ಅಂಥವನು ಸ್ಕೌಟ್ ಮಾಸ್ಟರ್ ಆಗಿದ್ದು ಹೇಗೆ ಅಂತೀರಾ? ಊರಿನ ಸ್ಕೌಟ್ ಟ್ರೂಪಿನಲ್ಲಿ ಹನ್ನೊಂದು ಹುಡುಗರು. ಲೈಬ್ರರಿ ಪಕ್ಕದ ಒಂದು ಕೋಣೆ, ಒಂದು ಬಾವುಟ, ಕಾಲು ಮುರಿದ ಒಂದು ಮೇಜು. ಅದನ್ನು ನೋಡಿಕೊಳ್ಳುತ್ತಿದ್ದ ಡ್ರಿಲ್ ಮೇಷ್ಟ್ರು ರಿಟೈರಾಗಿ ಮಗಳ ಊರಿಗೆ ಹೊರಟರು. ಭಾನುವಾರ ಹುಡುಗರಿಗೆ ಗಂಟು ಹೇಳಿಕೊಡಲು ಬರುತ್ತಿದ್ದ ಗಂಟಣ್ಣನ ಕೈಗೆ ಬೀಗದ ಕೈ ಕೊಟ್ಟು, "ಯಾರಾದ್ರೂ ಸಿಗೋ ತನಕ ನೋಡ್ಕೊಳಪ್ಪಾ" ಅಂದರು. ಯಾರೂ ಸಿಗಲಿಲ್ಲ. ಎಂಟು ತಿಂಗಳು ಕಳೆದ ಮೇಲೆ ಜಿಲ್ಲಾ ಆಫೀಸಿನಿಂದ ಒಂದು ಕಂದು ಕವರು ಬಂತು. ಒಳಗೆ ತಾತ್ಕಾಲಿಕ ಮಾಸ್ಟರ್ ಅಂತ ಒಂದು ಕಾಗದ, ಒಂದು ಸ್ಕಾರ್ಫು, ಅದನ್ನು ಕೊರಳಲ್ಲಿ ಹಿಡಿದಿಡುವ ಒಂದು ಪುಟ್ಟ ಉಂಗುರ.

ಕಾಗದವನ್ನು ಗಂಟಣ್ಣ ಬದಿಗಿಟ್ಟ. ಸ್ಕಾರ್ಫನ್ನು ಎರಡು ಕೈಯಲ್ಲೂ ಹಿಡಿದು ತುಂಬ ಹೊತ್ತು ಕೂತ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ಅವನು. ಐದನೇ ಕ್ಲಾಸಿನಿಂದ ಮೇಲಿನವರಿಗೆ ಮಾತ್ರ ಸ್ಕೌಟು. ಕಾಂಪೌಂಡಿನ ಗೋಡೆಗೆ ಗದ್ದ ಊರಿ, ಒಳಗೆ ಕೊರಳಿಗೆ ಬಣ್ಣದ ಬಟ್ಟೆ ಕಟ್ಟಿಕೊಂಡು ಲೆಫ್ಟ್ ರೈಟ್ ಹಾಕುವ ತನ್ನ ವಯಸ್ಸಿನವರನ್ನು ಅದೆಷ್ಟು ಭಾನುವಾರ ನೋಡಿದ್ದನೋ. ಈಗ ನಲವತ್ತೇಳಕ್ಕೆ ಆ ಬಟ್ಟೆ ಮನೆಗೆ ಬಂದಿದೆ. ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದ. "ಈ ಕಡ್ಲೆಕಾಳಿನಷ್ಟು ಬಳೇನ ನಂಬ್ಕೊಂಡು ಬೀದಿಗೆ ಹೋಗೋದಾ?" ಅಂದವನೇ ಕಿಟಕಿಯಾಚೆ ಎಸೆದು, ಸ್ಕಾರ್ಫಿಗೆ ತನ್ನ ಲಾರಿ ಗಂಟನ್ನೇ ಹಾಕಿದ.

ಮೂರು ವಾರವಾದರೂ ಅದು ಕೊರಳಿಂದ ಇಳಿಯಲಿಲ್ಲ.

"ಸ್ನಾನಕ್ಕಾದ್ರೂ ತೆಗೀರಿ" ಅಂದಳು ಹೆಂಡತಿ.

"ಗೌರವದ ಬಟ್ಟೆ ಕಣೇ ಅದು."

"ಗೌರವಾನೋ, ಬಿಚ್ಚಕ್ಕೆ ಬರಲ್ವೋ?"

ಗಂಟಣ್ಣ ರೇಡಿಯೋದ ಸದ್ದು ಜೋರು ಮಾಡಿದ.

ಅವನ ಕೈಗೆ ಬಂದ ಮೇಲೆ ಟ್ರೂಪಿನ ಸೇವೆಯೂ ಬಿಗಿಯಾಯಿತು. ಲೈಬ್ರರಿಯ ಹಳೇ ಪೇಪರುಗಳನ್ನೆಲ್ಲ ಹುಡುಗರು ಕಟ್ಟು ಕಟ್ಟಿಕೊಟ್ಟರು, ಅಲ್ಲಿಂದೀಚೆಗೆ ಹಳೇ ಪೇಪರು ಓದಿದವರಿಲ್ಲ. ಟೈಲರ್ ಅಜ್ಜಿಯ ಮನೆಯ ಗೇಟು ಗಾಳಿಗೆ ಬಡಿದುಕೊಳ್ಳುತ್ತಿತ್ತು, ಅದನ್ನೂ ಕಟ್ಟಿದರು. ಪೋಸ್ಟ್‌ಮನ್ ಈಗಲೂ ಗೋಡೆ ಹಾರಿಯೇ ಬರುತ್ತಾನೆ. ಇನ್ನೊಂದು ನಿಯಮ ಬೇರೆ: ಹಗ್ಗ ಕಡಿಯುವಂತಿಲ್ಲ. "ಹಗ್ಗ ಕಡಿಯೋನು ಸ್ಕೌಟೇ ಅಲ್ಲ, ಅವನು ಕಟುಕ!" ಅಂತ ಗಂಟಣ್ಣ ಗುಡುಗಿದ ದಿನ ಹುಡುಗರು ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡರು.

ಆಮೇಲೆ ಜಿಲ್ಲಾ ಆಫೀಸಿನಿಂದ ಎರಡನೇ ಕಾಗದ ಬಂತು. ಟ್ರೂಪಿಗೆ ದೊಡ್ಡ ಶಾಲೆಯ ಪಿ.ಟಿ. ಮಾಸ್ಟರು ಅರ್ಜಿ ಹಾಕಿದ್ದಾರೆ, ಅವರ ಹತ್ತಿರ ಮೂರು ಸರ್ಟಿಫಿಕೇಟಿವೆ. ಕ್ಯಾಂಪಿನ ದಿನ ತಪಾಸಣೆಗೆ ಸಾಹೇಬರು ಬರುತ್ತಾರೆ, ಅವರಿಗೆ ಒಪ್ಪಿಗೆಯಾದರೆ ನೀವೇ ಖಾಯಂ. ಆಗದಿದ್ದರೆ ಸ್ಕಾರ್ಫು ವಾಪಸ್.

ಗಂಟಣ್ಣ ಕೊನೆಯ ಎರಡು ಪದಗಳನ್ನು ಏಳು ಸಲ ಓದಿದ. ಕೈ ತಾನಾಗಿ ಕೊರಳಿಗೆ ಹೋಯಿತು.

ಕ್ಯಾಂಪು ಕೆರೆ ಪಕ್ಕದ ಮೈದಾನದಲ್ಲಿ. ಟೆಂಟಿಗೆ ಗೋಡೌನಿನ ಹಳೇ ಲಾರಿ ಟಾರ್ಪಾಲನ್ನೇ ತಂದಿದ್ದ. ಗೇಣಿಗೊಂದು ಕಬ್ಬಿಣದ ಗೂಟ ನೆಲಕ್ಕೆ ಸಮ ಹೊಡೆದು, ಅಂಚಿನ ಸುತ್ತ ಹಗ್ಗ ಹಾಯಿಸಿ ಬಿಗಿದ ಮೇಲೆ ಆ ಟೆಂಟಿನೊಳಗೆ ಇರುವೆ ಹೋಗಬೇಕೆಂದರೂ ಬಾಗಿಲಿಗೇ ಬರಬೇಕು. ಸಾಹೇಬರು ಬೆಳಿಗ್ಗೆ ಬಸ್ಸಿಳಿದು ಬಂದರು. ತೆಳ್ಳನೆಯ ಮನುಷ್ಯ, ದಪ್ಪನೆಯ ಮೀಸೆ, ಬಗಲಲ್ಲಿ ಒಂದು ಫೈಲು. ಗಂಟಣ್ಣನ ಎಡಗೈ ಹಿಡಿದು ಸ್ಕೌಟರ ಪದ್ಧತಿಯಂತೆ ಕುಲುಕಿದರು. ಟೆಂಟನ್ನು ದೂಡಿದರು, ಅಲ್ಲಾಡಲಿಲ್ಲ. ಹಗ್ಗಕ್ಕೆ ಒದ್ದರು, ಕಾಲು ನೋವಾಯಿತು.

"ಭೇಷ್!" ಅಂದರು ಕಾಲು ತಿಕ್ಕಿಕೊಳ್ಳುತ್ತಾ. ಹುಡುಗರ ಹತ್ತಿರ ಆರು ಥರದ ಗಂಟು ಹಾಕಿಸಿ ಫೈಲಿನಲ್ಲಿ ಟಿಕ್ಕು ಹಾಕಿದರು. "ಕಟ್ಟೋದರಲ್ಲಿ ನೂರಕ್ಕೆ ನೂರು. ಬಿಚ್ಚೋದು ಒಂದು ಬಾಕಿ. ಊಟ ಆದ್ಮೇಲೆ ನೋಡೋಣ."

ಗಂಟಣ್ಣ ತನ್ನ ಪಾಲಿನ ಬ್ರೆಡ್ಡು ಮೊಟ್ಟೆಯನ್ನೂ ಸಾಹೇಬರ ತಟ್ಟೆಗೆ ಸರಿಸಿದ. ಸಾಹೇಬರಿಗೆ ಚೆನ್ನಾಗಿ ಇಳಿಯಿತು. ಮೂರು ಮೊಟ್ಟೆ ತಿಂದು, "ಹತ್ತು ನಿಮಿಷ ಬೆನ್ನು ನೇರ ಮಾಡ್ತೀನಿ. ಐದಕ್ಕೆ ಬಸ್ಸು, ಅಷ್ಟರೊಳಗೆ ಪಾಸೋ ಫೇಲೋ ಹೇಳಿಹೋಗ್ತೀನಿ" ಅಂತ ಟೆಂಟಿನೊಳಗೆ ಮಲಗಿದರು. ಗಂಟಣ್ಣ ತಲೆಬಿಸಿ ಆರಿಸಿಕೊಳ್ಳಲು ಎರಡು ಕೊಡ ಹಿಡಿದು ನೀರಿಗೆ ಹೋದ.

ಅವನು ಹೋದದ್ದೇ ತಡ, ಅದೆಲ್ಲಿತ್ತೋ ಹಾಳು ಗಾಳಿ, ಎದ್ದುಬಿಟ್ಟಿತು. ಬಾಗಿಲಿನ ಎರಡೂ ಸೆರಗು ಪಟಪಟ ಬಡಿದು ಸಾಹೇಬರ ಮೀಸೆಯ ಮೇಲೆಲ್ಲ ಧೂಳು. ಹುಡುಗರು ಪರಸ್ಪರ ಮುಖ ನೋಡಿಕೊಂಡರು. ಸ್ಕೌಟು ಅಂದಮೇಲೆ ದಿನಕ್ಕೊಂದು ಒಳ್ಳೆ ಕೆಲಸ ಮಾಡಲೇಬೇಕು, ಅವತ್ತು ಯಾರದ್ದೂ ಆಗಿರಲಿಲ್ಲ.

ಗಂಟಣ್ಣ ವಾಪಸ್ ಬಂದಾಗ ಹನ್ನೊಂದೂ ಜನ ಸಾಲಾಗಿ ನಿಂತು ಬೀಗುತ್ತಿದ್ದರು. ಲೀಡರು, ಎಲ್ಲರೂ ಕನ್ನಡಕ ಅಂತ ಕರೆಯುವವನು, ಮುಂದೆ ಬಂದು ಸೆಲ್ಯೂಟ್ ಹೊಡೆದ.

"ಸಾಹೇಬ್ರಿಗೆ ಗಾಳಿ ಬಡೀತಿತ್ತು ಮಾಸ್ಟ್ರೇ. ಬಾಗಿಲು ಕಟ್ಟಿದೀವಿ."

"ಯಾವ ಗಂಟು ಹಾಕಿದ್ರೋ?"

"ನಿಮ್ಮದೇ. ಒಬ್ಬೊಬ್ರು ಒಂದೊಂದು. ಒಟ್ಟು ಹನ್ನೊಂದು ಒಳ್ಳೆ ಕೆಲಸ."

ಕೊಡ ಎರಡೂ ಗಂಟಣ್ಣನ ಕಾಲ ಮೇಲೆ ಬಿದ್ದವು. ಆ ಸದ್ದಿಗೆ ಸಾಹೇಬರು ಎದ್ದರು. ಟೆಂಟಿನ ಒಳಗಿಂದ ಒಂದು ಉಬ್ಬು ಬಂದು ಬಾಗಿಲಿಗೆ ಒತ್ತಿತು. ಮೂಗು ಇರಬೇಕು.

"ಯಾರ್ರೀ ಅದು ಬಾಗಿಲು ಹಾಕಿರೋದು? ಬಿಚ್ಚಿ, ನಾಲ್ಕಾಯ್ತು!"

ಗಂಟಣ್ಣ ಮೊದಲನೇ ಗಂಟನ್ನು ಹಿಡಿದು ಜಗ್ಗಿದ. ಅದು ಇನ್ನೂ ಬಿಗಿಯಾಯಿತು. ಮೊಣಕಾಲು ಕೊಟ್ಟು ಜಗ್ಗಿದ, ಮತ್ತೂ ಬಿಗಿಯಾಯಿತು. ಹುಡುಗರು ಹಲ್ಲು ಹಾಕಿದರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವನಾದ ಚೋಟುವಿನ ಅಲ್ಲಾಡುವ ಹಲ್ಲೊಂದು ಕೈಗೆ ಬಂತು, ಹಗ್ಗ ಜಪ್ಪಯ್ಯ ಅನ್ನಲಿಲ್ಲ.

"ಕೊಯ್ದುಬಿಡ್ರೋ!" ಅಂತು ಉಬ್ಬು.

"ಹಗ್ಗ ಕಡಿಯಂಗಿಲ್ಲ ಸಾರ್" ಅಂದ ಕನ್ನಡಕ. "ನಿಯಮ."

"ಯಾವನಯ್ಯಾ ಮಾಡಿದ್ದು ಆ ನಿಯಮ? ಚಾಕು ಎಲ್ಲಿದೆ?"

"ಪೆಟ್ಟಿಗೇಲಿ."

"ಪೆಟ್ಟಿಗೆ ಎಲ್ಲಿದೆ?"

"ಇಲ್ಲೇ ಇದೆ ಸಾರ್. ಕಟ್ಟಿದೆ."

ಉಬ್ಬು ಒಳಕ್ಕೆ ಹೋಗಿ ಇನ್ನೊಂದು ಕಡೆ ಮೂಡಿತು. ಆಮೇಲೆ, "ಮಾಸ್ಟ್ರೇ, ನೀವು ಇದೀರೇನ್ರೀ ಅಲ್ಲಿ?"

ಗಂಟಣ್ಣ ಬೆವರು ಒರೆಸಿಕೊಂಡ, ಅದೂ ಸ್ಕಾರ್ಫಿನ ತುದಿಯಿಂದ. ಸುಳ್ಳು ಹೇಳೋಣವೆಂದರೆ ಹನ್ನೊಂದು ಜೊತೆ ಕಣ್ಣು ಅವನನ್ನೇ ನೋಡುತ್ತಿವೆ. "ಇದೀನಿ ಸಾರ್. ನಂಗೆ... ನಂಗೆ ಬಿಚ್ಚಕ್ಕೆ ಬರಲ್ಲ ಸಾರ್."

"ಏನಂದ್ರಿ?"

"ಲೋಡು ಕಟ್ಟೋನು ಸಾರ್ ನಾನು. ಬಿಚ್ಚೋದು ಆ ಕಡೆಯವರು."

"ಆ ಕಡೆಯವನು ಈಗ ನಾನೇ ಅಲ್ವೇನ್ರೀ!" ಅಂತ ಇಡೀ ಟೆಂಟು ಕೂಗಿಕೊಂಡಿತು.

ಅಷ್ಟರಲ್ಲಿ ಹೆಂಡತಿ ಟೀ ಫ್ಲಾಸ್ಕು ಹಿಡಿದು ಮೈದಾನ ದಾಟಿ ಬಂದಳು. ಗಂಡನ ಮುಖ ನೋಡಿದಳು, ಮೂಗು ಮೂಡಿದ ಟೆಂಟು ನೋಡಿದಳು, ಏನನ್ನೂ ಕೇಳಲಿಲ್ಲ. ಫ್ಲಾಸ್ಕನ್ನು ಕನ್ನಡಕನ ಕೈಗೆ ಕೊಟ್ಟು ತಲೆಯಿಂದ ಹೇರ್‌ಪಿನ್ನು ತೆಗೆದಳು.

"ಎಳೀಬಾರ್ದು ಕಣ್ರೋ. ಹಿಂದಿನ ಸುತ್ತನ್ನ ಹಿಂಗೆ ಮುಂದಕ್ಕೆ ದೂಡಬೇಕು. ಎಳೆದಷ್ಟೂ ಮುನಿಸ್ಕೊಳ್ಳುತ್ತೆ, ನಿಮ್ಮ ಮಾಸ್ಟ್ರ ಥರಾನೇ."

ಹನ್ನೊಂದು ಗಂಟು, ಒಂದು ಲೋಟ ಟೀ ಆರುವಷ್ಟು ಹೊತ್ತು. ಸಾಹೇಬರು ಹೊರಗೆ ಬಂದರು. ಮುಖ ಬೆಂದ ಬೀಟ್‌ರೂಟು, ಮೀಸೆಯ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಟೀ ಕುಡಿದರು. ಫೈಲು ತೆಗೆದರು.

"ಹುಡುಗ್ರು ಒಳ್ಳೆಯವರು. ಆದರೆ ಕಟ್ಟೋದು ಮಾತ್ರ ಗೊತ್ತಿರೋರ ಕೈಲಿ ಟ್ರೂಪು ಕೊಡಕ್ಕಾಗಲ್ಲ. ಕ್ಷಮಿಸಿ. ಸ್ಕಾರ್ಫು ತೆಗೆದು ಕೊಡಿ."

ಚೋಟು ಹಲ್ಲು ಹಿಡಿದುಕೊಂಡೇ ಅಳಲು ಶುರು ಮಾಡಿದ. ಗಂಟಣ್ಣ ಕೊಡಬೇಕೆಂದೇ ಎರಡು ಕೈ ಎತ್ತಿದ, ಗಂಟಿಗೆ ಬೆರಳು ಹಾಕಿದ, ಪ್ರಾಮಾಣಿಕವಾಗಿ ಜಗ್ಗಿದ. ಕಣ್ಣುಗುಡ್ಡೆ ಮುಂದೆ ಬಂದವು. ಸ್ಕಾರ್ಫು ಬರಲಿಲ್ಲ.

"ಬಿಡಿ, ನಾನು ನೋಡ್ತೀನಿ" ಅಂತ ಸಾಹೇಬರು ಅವನ ಗದ್ದ ಎತ್ತಿಸಿ ತಾವೇ ಕೈ ಹಾಕಿದರು. ಐದು ನಿಮಿಷದಲ್ಲಿ ಒಂದು ಉಗುರು ಮುರಿಯಿತು. "ಕೊಯ್ದೇ ಕೊಡಿ ಹಾಗಾದ್ರೆ!"

"ಕೊಯ್ದಿದ್ದನ್ನ ಆಫೀಸಲ್ಲಿ ತಗೋತಾರಾ ಸಾರ್?" ಅಂದ ಕನ್ನಡಕ.

ಸಾಹೇಬರು ಮುರಿದ ಉಗುರು ನೋಡಿಕೊಂಡರು. ತಗೊಳ್ಳುತ್ತಿರಲಿಲ್ಲ. ಆಫೀಸಿನ ಸಾಮಾನು ಇದ್ದ ಹಾಗೇ ವಾಪಸಾಗಬೇಕು.

ಎಲ್ಲರೂ ಹೆಂಡತಿಯ ಕಡೆ ತಿರುಗಿದರು. ಅವಳ ಕೈಯಲ್ಲಿ ಹೇರ್‌ಪಿನ್ನು ಇನ್ನೂ ಹಾಗೇ ಇತ್ತು. ಒಂದು ಹೆಜ್ಜೆ ಮುಂದೆ ಬಂದಳು. ಗಂಡ ಗದ್ದ ಮೇಲೆತ್ತಿಕೊಂಡು ನಿಂತಿದ್ದ, ಆ ಶಾಲೆಯ ಗೋಡೆಗೆ ಊರಿದ್ದಾನೋ ಅನ್ನುವ ಹಾಗೆ. ಅವಳು ಆ ಮುಖ ನೋಡಿದಳು. ಪಿನ್ನನ್ನು ತಲೆಗೆ ಸಿಕ್ಕಿಸಿಕೊಂಡಳು.

"ಇದು ನನ್ನ ಕೈಲಾಗಲ್ಲ ಸಾರ್."

"ಈಗ ತಾನೇ ಹನ್ನೊಂದು ಬಿಚ್ಚಿದ್ರಲ್ರೀ!"

"ಅದು ಮಕ್ಕಳು ಕಟ್ಟಿದ್ದು. ಇದು ಇವರು ಕಟ್ಟಿದ್ದು."

ರಸ್ತೆಯಲ್ಲಿ ಐದು ಗಂಟೆಯ ಬಸ್ಸು ಹಾರನ್ ಹೊಡೆಯಿತು. ಸಾಹೇಬರು ಬಸ್ಸು ನೋಡಿದರು, ಸ್ಕಾರ್ಫು ನೋಡಿದರು, ಹೇರ್‌ಪಿನ್ನು ನೋಡಿದರು. ಮೀಸೆಯ ಕೆಳಗೆ ಏನೋ ಅಲ್ಲಾಡಿತು, ನಗುವೇ ಇರಬೇಕು. ಫೈಲಿನಲ್ಲಿ ಗೀಚಿ, ಓದಿ ಹೇಳಿದರು: "ಸ್ಕಾರ್ಫು ಬಿಚ್ಚಲಾಗಲಿಲ್ಲ. ಬಿಚ್ಚುವ ತನಕ ಇವರೇ ಮಾಸ್ಟರ್. ಬಿಚ್ಚುವ ಪಾಠ ಇವರ ಶ್ರೀಮತಿಯವರಿಂದ." ಎಡಗೈಯಲ್ಲಿ ಗಂಟಣ್ಣನ ಕೈ ಕುಲುಕಿ, ಬಲಗೈಯಲ್ಲಿ ಫೈಲು ಬೀಸುತ್ತಾ ಬಸ್ಸಿನ ಹಿಂದೆ ಓಡಿದರು.

ಮುಂದಿನ ಭಾನುವಾರದಿಂದ ಸೀಟಿ ಹೆಂಡತಿಯ ಕೈಗೆ ಹೋಯಿತು. ಹನ್ನೊಂದು ಹುಡುಗರು ಹಗ್ಗ ಹಿಡಿದು ಸಾಲಾಗಿ ಕೂತರೆ ಹನ್ನೆರಡನೆಯವನು ಗಂಟಣ್ಣ. ಕೈಯಲ್ಲಿ ಅವಳದೇ ಒಂದು ಹೇರ್‌ಪಿನ್ನು. ಹುಡುಗರು ಎರಡು ವಾರದಲ್ಲಿ ಕಲಿತರು. ಅವನು ಮಾತ್ರ ದೂಡು ಅಂದರೆ ಎಳೆಯುತ್ತಿದ್ದ. "ಮಾಸ್ಟ್ರು ಫೇಲು!" ಅಂತ ಹೆಂಡತಿ ಸೀಟಿ ಊದುವುದು, ಅವನು ಸಿಟ್ಟಿಗೆದ್ದು ಹಗ್ಗ ಎಸೆಯುವುದು, ಚೋಟು ಓಡಿ ಹೋಗಿ ತಂದುಕೊಡುವುದು. ಟೈಲರ್ ಅಜ್ಜಿಯ ಗೇಟು ತೆರೆಯಿತು. ಪೋಸ್ಟ್‌ಮನ್ ಅಭ್ಯಾಸಬಲದಿಂದ ಗೋಡೆಯನ್ನೇ ಹಾರಿದ.

ಆರನೇ ಭಾನುವಾರವೂ ಗಂಟಣ್ಣ ಫೇಲಾಗಿಯೇ ಕೂತಿದ್ದ. ಕೊರಳಲ್ಲಿ ಅದೇ ಲಾರಿ ಗಂಟು. ಚೋಟು ಬಂದು ಬಗ್ಗಿ ನೋಡಿದ, ಮೂಸಿಯೂ ನೋಡಿದ.

"ಮಾಸ್ಟ್ರೇ, ಸೋಪಿನ ವಾಸನೆ. ಇಸ್ತ್ರಿ ಬೇರೆ ಆಗಿದೆ. ಕೊರಳಲ್ಲೇ ಇಟ್ಕೊಂಡು ಹೆಂಗೆ ಇಸ್ತ್ರಿ ಹಾಕಿದ್ರಿ?"

ಗಂಟಣ್ಣನ ಕಿವಿ ಕೆಂಪಾಯಿತು. ಅವನು ಉತ್ತರ ಹುಡುಕುವಷ್ಟರಲ್ಲಿ ಹಿಂದಿನಿಂದ ಕಿವಿ ಹರಿದುಹೋಗುವಂಥ ಸೀಟಿ ಬಿತ್ತು.

"ಲೈನಲ್ಲಿ ಕೂತ್ಕೊಳೋ ಚೋಟು!" ಅಂದಳು ಮಾಸ್ಟ್ರಮ್ಮ.