ಪಾಲಿಗೆ ಬಂದ ತಂತಿ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವುದನ್ನು ಯಾರೂ ಪ್ರವಾಸ ಎನ್ನುವುದಿಲ್ಲ. ಹದಿನಾಲ್ಕು ಕಿಲೋಮೀಟರ್ ದಾರಿ. ಬಸ್ಸು ಹತ್ತಿ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಊರು ಬಂದಿರುತ್ತದೆ. ಆದರೆ ನಾನು ಹೋದದ್ದು ಡಾಂಬರು ರಸ್ತೆ ಬಿಟ್ಟು, ಬಾತಿಯ ಆಚೆ ಬಲಕ್ಕೆ ತಿರುಗಿ, ಕೊಂಡಜ್ಜಿ ಕಡೆಯ ಕುರುಚಲು ಗುಡ್ಡಗಳನ್ನು ಹತ್ತಿ ಇಳಿದು, ಮೋಟರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ. ದಾವಣಗೆರೆ ಜಿಲ್ಲೆಯಾದ ಹೊಸತು. ಸಂಕ್ರಾಂತಿ ಮುಗಿದ ಮೇಲಿನ ಒಂದು ಭಾನುವಾರ.

ನಮ್ಮ ಯಜಮಾನರದು ಗಾಡಿಗಳ ಬಿಡಿಭಾಗದ ಅಂಗಡಿ. ನಲವತ್ತು ದಾಟಿದ ಗಂಡಸರು ಸಾಮಾನ್ಯವಾಗಿ ಮಠಕ್ಕೆ ಹೋಗಲು ಶುರುಮಾಡುತ್ತಾರೆ. ಇವರು ಗುಡ್ಡಕ್ಕೆ ಹೋಗಲು ಶುರುಮಾಡಿದರು. ಹಳೆಯ ಯೆಜ್ಡಿಗೆ ಹಲ್ಲಿನ ಟೈರು ಹಾಕಿಸಿ, ಸೈಲೆನ್ಸರನ್ನು ಮೇಲಕ್ಕೆತ್ತಿಸಿ, ಭಾನುವಾರ ಬಂತೆಂದರೆ ನನ್ನ ತಮ್ಮ ಶಿವುವನ್ನೂ ಮೆಕ್ಯಾನಿಕ್ ನಜೀರನನ್ನೂ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಹರಿಹರದಲ್ಲಿ ಮಣ್ಣಿನ ಟ್ರ್ಯಾಕಿನ ರೇಸ್ ಇದೆ, ಶಿವು ಅದರಲ್ಲಿ ಓಡಿಸುತ್ತಾನೆ, ಅದಕ್ಕೆ ಅಭ್ಯಾಸ ಬೇಕು ಎಂಬುದು ನೆವ. ಕುಣಿಯಲು ಬಾರದವಳಿಗೆ ನೆಲ ಡೊಂಕಾದರೆ ಇವರಿಗೆ ಡೊಂಕು ನೆಲವೇ ಬೇಕಾಗಿತ್ತು.

ಅದೇ ಗುಡ್ಡದಲ್ಲಿ ಆಚೆ ಹಳ್ಳಿಯವರು ಹಂದಿ ಬೇಟೆಯಾಡುತ್ತಿದ್ದರು. ಗಾಡಿಗಳ ಗದ್ದಲಕ್ಕೆ ಹಂದಿಗಳು ದಿಕ್ಕಾಪಾಲಾಗಿ ಬಲೆಗೆ ಏನೂ ಬೀಳುತ್ತಿರಲಿಲ್ಲ. ಮೊದಲು ಅವರು ದಾರಿಗೆ ಜಾಲಿಮುಳ್ಳು ಹಾಕಿದರು. ಇವರು ಮುಳ್ಳು ಎತ್ತೆಸೆದರು. ಅವರು ಕಲ್ಲು ಉರುಳಿಸಿದರು. ಶಿವು ಹೋಗಿ ಅವರ ಬಲೆ ಕೊಯ್ದು ಬಂದ. ಆಮೇಲೆ ಬಂದದ್ದು ತಂತಿ. ಎರಡು ಮರಗಳ ನಡುವೆ, ಕುತ್ತಿಗೆಯ ಮಟ್ಟಕ್ಕೆ ಬಿಗಿದ ಸಣ್ಣ ತಂತಿ. ಹಿಂದಿನ ಭಾನುವಾರ ಶಿವು ಏರಿನಲ್ಲಿ ನಿಧಾನಕ್ಕೆ ಹೋಗುತ್ತಿದ್ದುದರಿಂದ ಬದುಕಿದ. ಗಂಟಲ ಮೇಲೆ ಬರೆ ಎಳೆದ ಹಾಗೆ ಕೆಂಪು ಗೆರೆ ಎದ್ದಿತ್ತು. ವಾರವಿಡೀ ಅದಕ್ಕೆ ಕೊಬ್ಬರಿ ಎಣ್ಣೆ ಸವರಿದವಳು ನಾನು.

ಪೊಲೀಸರಿಗೆ ಹೇಳೋಣವೆಂದರೆ ಬೇಟೆ ಅವರ ಕಳ್ಳತನ, ಕಾಡಿನಲ್ಲಿ ಗಾಡಿ ಓಡಿಸುವುದು ಇವರದು. ಠಾಣೆಯ ಮೆಟ್ಟಿಲು ಹತ್ತುವ ಮುಖ ಎರಡು ಕಡೆಯವರಿಗೂ ಇರಲಿಲ್ಲ. ಕೊನೆಗೆ ಯಜಮಾನರು ಕಟಿಂಗ್ ಪ್ಲೇಯರ್ ಜೇಬಿಗಿಳಿಸಿ, "ಈ ಭಾನುವಾರ ದಾರಿ ತುಂಬ ತಂತಿ ಕತ್ತರಿಸ್ಕೊಂಡು ಹೋಗೋದೇ, ಅಡ್ಡ ಬಂದೋರನ್ನ ನೋಡ್ಕೊಂಬೋದೇ" ಎಂದರು.

"ಹಂಗಾದ್ರೆ ನಾನೂ ಬರ್ತೀನ್ರಿ" ಎಂದೆ. ಹೆಂಗಸೊಬ್ಬಳು ಜೊತೆಗಿದ್ದರೆ ಕೈ ಕೈ ಮಿಲಾಯಿಸುವುದಿಲ್ಲ ಎಂಬುದು ನನ್ನ ಲೆಕ್ಕ. ನನಗೆ ತಮ್ಮನೂ ಬೇಕಿತ್ತು, ಗಂಡನೂ ಬೇಕಿತ್ತು, ಇಬ್ಬರ ಕುತ್ತಿಗೆಯೂ ನೆಟ್ಟಗೆ ಇರಬೇಕಿತ್ತು.

ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಮೂರು ಗಾಡಿಗಳು ಹೊರಟವು. ಸೀರೆಯೊಳಗೆ ಶಿವುವಿನ ಹಳೇ ಪ್ಯಾಂಟು ತೊಟ್ಟು, ಗಂಡಸರಂತೆ ಎರಡೂ ಕಡೆ ಕಾಲು ಹಾಕಿ ಕೂತಿದ್ದೆ. ತಲೆಯ ಮೇಲೆ ನಜೀರ ತಂದ ಹೆಲ್ಮೆಟ್ಟು, ಅದರಲ್ಲಿ ಇನ್ನೊಂದು ತಲೆಗೂ ಜಾಗವಿತ್ತು. ಬಂಕಿನಲ್ಲಿ ನೂರು ರೂಪಾಯಿ ಪೆಟ್ರೋಲ್ ಹಾಕಿಸುವಾಗ ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ನಾನೂ ಅವರನ್ನು ನೋಡಿದೆ. ಬಾತಿಯಲ್ಲಿ ಚಹಾ ಕುಡಿದು, ಬಿಸಿ ಮೆಣಸಿನಕಾಯಿ ಬಜ್ಜಿ, ಖಾರ ಮಂಡಕ್ಕಿ ತಿಂದೆವು. "ಅಕ್ಕಾರೆ, ಗಟ್ಟಿ ಹಿಡ್ಕಳ್ರಿ. ಅಣ್ಣಾರಿಗೆ ಗುಡ್ಡ ಕಂಡ್ರೆ ಬ್ರೇಕ್ ಮರ್ತೋಗ್ತದೆ" ಎಂದ ನಜೀರ.

ಮಣ್ಣಿನ ದಾರಿಗೆ ಇಳಿದ ಮೇಲೆ ನನಗೆ ಅರ್ಥವಾಯಿತು, ಇವರಿಗೆ ಯಾಕೆ ಈ ಹುಚ್ಚೆಂದು. ಗಾಡಿ ಕೊರಕಲಿಗೆ ಇಳಿದಾಗ ಹೊಟ್ಟೆ ಮೇಲೆ ಬಂತು, ದಿಬ್ಬ ಹಾರಿದಾಗ ಜೀವ ಬಾಯಿಗೆ ಬಂತು. ಕೆಂಪು ಧೂಳು, ಒಣಹುಲ್ಲಿನ ವಾಸನೆ, ಎರಡು ಕಡೆಯಿಂದ ಬಾರಿಸುವ ಕಾರೆ ಗಿಡದ ಕೊಂಬೆ. ಒಂದೆರಡು ದಿಬ್ಬ ನಿಧಾನ, ನಿಧಾನ ಎಂದು ಕೂಗಿದೆ. ಮೂರನೆಯದಕ್ಕೆ, "ಇನ್ನಷ್ಟು ಜೋರು ಹೋಗ್ರಿ!" ಎಂದು ಕೂಗಿದ ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಯಜಮಾನರು ಅಷ್ಟು ಸಂತೋಷದಿಂದ ನನ್ನ ಮಾತು ಕೇಳಿದ್ದು ಅದೇ ಮೊದಲು.

ಮೊದಲ ತಂತಿಯನ್ನು ಶಿವು ದೂರದಿಂದಲೇ ಕಂಡು ನಿಲ್ಲಿಸಿದ. ಹೋದವಾರ ಅವನಿಗೆ ತಗುಲಿದ ಜಾಗದಲ್ಲಿಯೇ ಮತ್ತೆ ಕಟ್ಟಿದ್ದರು. ಯಜಮಾನರು ಅದನ್ನು ಕತ್ತರಿಸುವಾಗ ನಾನು ಬೆರಳಿಂದ ಒಮ್ಮೆ ಮೀಟಿ ನೋಡಿದೆ. ಎಷ್ಟು ಬಿಗಿಯಾಗಿ ಕಟ್ಟಿದ್ದರೆಂದರೆ ಅದು ಝೇಂಕರಿಸಿತು. ನನ್ನ ಉತ್ಸಾಹವೆಲ್ಲ ಇಳಿದುಹೋಯಿತು.

ಅಲ್ಲಿಂದ ಮುಂದೆ ಹಳ್ಳದ ಪಕ್ಕ ಹೋಗುತ್ತಿದ್ದಾಗ ಬಲಗಡೆಯ ಲಂಟಾನದ ಮೆಳೆ ಅಲುಗಿ, ಕರ್ರಗೆ ಎಮ್ಮೆಗರುವಿನಷ್ಟು ದೊಡ್ಡ ಕಾಡುಹಂದಿ ಹೊರಬಿದ್ದು ನಮ್ಮ ಮುಂದೆಯೇ ಓಡತೊಡಗಿತು. ಬುದ್ಧಿ ಇದ್ದವರು ನಿಲ್ಲಿಸುತ್ತಾರೆ. ಶಿವು ಕೇಕೆ ಹಾಕಿ ಗಾಡಿಯನ್ನು ಅದರ ಹಿಂದೆ ಬಿಟ್ಟ. ಯಜಮಾನರು ಬಿಟ್ಟಾರೆಯೇ? ನಜೀರನೂ ಬಿಡಲಿಲ್ಲ. ಹಂದಿ ಎಡಕ್ಕೆ ಹೊರಳಿದರೆ ಎಡಗಡೆ ಒಂದು ಗಾಡಿ, ಬಲಕ್ಕೆ ಹೊರಳಿದರೆ ಬಲಗಡೆ ಒಂದು. ನಾನು ಯಜಮಾನರ ಸೊಂಟ ಹಿಡಿದು ಕಣ್ಣುಮುಚ್ಚಿ ಬಸವಣ್ಣನನ್ನು ನೆನೆದೆ. ಕಣ್ಣು ಬಿಟ್ಟಾಗ ಹಂದಿ ಹಳ್ಳದ ಇಕ್ಕಟ್ಟಿಗೆ ನುಗ್ಗಿ, ಅಲ್ಲಿ ಕಟ್ಟಿದ್ದ ಬಲೆಗೆ ಸಿಕ್ಕಿಕೊಂಡಿತ್ತು. ಬಂಡೆಗಳ ಹಿಂದಿನಿಂದ ಏಳೆಂಟು ಜನ ಭರ್ಜಿ ಹಿಡಿದು ಎದ್ದರು. ಮುಂದೆ ಆದದ್ದನ್ನು ನಾನು ನೋಡಲಿಲ್ಲ, ಮುಖ ತಿರುಗಿಸಿಕೊಂಡೆ.

ಸದ್ದು ನಿಂತ ಮೇಲೆ ಅವರು ನಮ್ಮ ಕಡೆ ತಿರುಗಿದರು. ಮುಂದೆ ಕುಡುಗೋಲು ಹಿಡಿದ, ಗುಂಗುರು ಕೂದಲಿನ ಒಬ್ಬ ಯುವಕ. ಹನುಮಂತ ಎಂಬುದು ಅವನ ಹೆಸರೆಂದು ಆಮೇಲೆ ತಿಳಿಯಿತು.

"ಬಲೆ ಕೊಯ್ದೋರು ಇವ್ರೇ. ಇವತ್ತು ಸಿಕ್ಕಾರೆ" ಎಂದ ಅವನು.

"ತಂತಿ ಕಟ್ಟಿದ್ದು ಯಾವನ್ಲೇ?" ಎಂದು ಶಿವು ಕಾಲರ್ ಬಿಚ್ಚಿ ಗಂಟಲು ತೋರಿಸಿದ.

ಯಜಮಾನರು ಗಾಡಿಗೆ ಸ್ಟ್ಯಾಂಡ್ ಹಾಕಿದರು. ನಾನು ಶಿವುವಿಗೂ ಆ ಯುವಕನಿಗೂ ನಡುವೆ ಹೋಗಿ ನಿಂತೆ. ಸೀರೆ, ಪ್ಯಾಂಟು, ಹೆಲ್ಮೆಟ್ಟು ಮೂರೂ ಇರುವ ಹೆಂಗಸನ್ನು ಅವರು ಹಿಂದೆಂದೂ ಕಂಡಿರಲಿಕ್ಕಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಮುದುಕ, ಅವರ ಹಿರಿಯ, ದುರುಗಪ್ಪ, ಟವೆಲ್ಲಿಂದ ಮುಖ ಒರೆಸಿಕೊಳ್ಳುತ್ತ ಬಂದ.

"ಏ ಹನುಮಂತ, ಕುಡುಗೋಲು ಕೆಳಗಿಡು" ಎಂದ. "ಹಂದಿ ಎಬ್ಬಿಸಿದ್ದು ಯಾರು? ನಾವಾ?"

ಹನುಮಂತ ಕುಡುಗೋಲು ಇಳಿಸಿದ. ಮುದುಕನೇ ಮುಂದುವರಿಸಿದ.

"ಬೆಳಗಿಂದ ಕಾಲು ಸವೆಸಿದ್ವಿ, ಒಂದು ಮೊಲ ಏಳ್ಲಿಲ್ಲ. ಇವ್ರು ಎಬ್ಬಿಸಿದ್ರು, ಇವ್ರೇ ಬಲೆಗೆ ತಂದು ಬಿಟ್ರು. ಎಬ್ಬಿಸಿದೋರಿಗೆ ಮೊದಲ್ನೇ ಪಾಲು, ಕೇಳಿದ್ದು ಕೊಡಬೇಕು. ನಮ್ಮಪ್ಪನ ಕಾಲದಿಂದ ಹಂಗೇ ಐತೆ. ಕೊಡದಿದ್ರೆ ಮುಂದೆ ಬಲೆಗೆ ಇಲೀನೂ ಬೀಳಲ್ಲ." ನಂತರ ಯಜಮಾನರ ಕಡೆ ತಿರುಗಿ, ಕೈಮುಗಿಯುವಷ್ಟು ಗೌರವದಿಂದ, "ಯಾವ ಪಾಲು ಬೇಕು ಕೇಳ್ರಿ. ತೊಡೆ ಬೇಕಾ, ತಲೆ ಬೇಕಾ?" ಎಂದ.

ಯಜಮಾನರ ಮುಖ ನೋಡಬೇಕಿತ್ತು. ಅಂಗಿಯೊಳಗೆ ಲಿಂಗ, ಹಣೆಯಲ್ಲಿ ವಿಭೂತಿ, ಎದುರಿಗೆ ಹಂದಿಯ ತೊಡೆ! ಅವರು ತೊದಲುತ್ತ, "ನಮಗೆ ಬ್ಯಾಡ್ರಿ, ನಾವು ತಿನ್ನಲ್ಲ" ಎಂದು ನಜೀರನ ಕಡೆ ಕೈ ತೋರಿಸಿದರು. ನಜೀರ ಎರಡು ಹೆಜ್ಜೆ ಹಿಂದೆ ಹಾರಿ, "ತೋಬಾ ತೋಬಾ, ನನ್ಕಡೆ ಯಾಕ ತೋರಿಸ್ತೀರಣ್ಣ!" ಎಂದ. ಬೇಟೆಗಾರರಲ್ಲೊಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ನಕ್ಕರು, ಶಿವು ಕೂಡ. ದುರುಗಪ್ಪ ಮಾತ್ರ ನಗಲಿಲ್ಲ.

"ಬ್ಯಾಡ ಅನ್ನಂಗಿಲ್ರಿ" ಎಂದ. "ಪಾಲು ಬಿಟ್ಟು ಹೋದ್ರೆ ನಮಗೆ ಬರಕತ್ತಿಲ್ಲ. ಏನಾರ ಒಂದು ಕೇಳ್ರಿ."

ಪಾಲಿಗೆ ಬಂದದ್ದು ಪಂಚಾಮೃತ ಎನ್ನುತ್ತಾರೆ. ನನಗೆ ಆ ಹೊತ್ತಿನಲ್ಲಿ ಆ ಮಾತು ಹೇಗೆ ಹೊಳೆಯಿತೋ ಗೊತ್ತಿಲ್ಲ, ಇಂದಿಗೂ ಅದರ ಬಗ್ಗೆ ನನಗೆ ಹೆಮ್ಮೆ. "ಅಜ್ಜಾ, ನಮ್ಮ ಪಾಲಿಗೆ ತಂತಿ ಕೊಡ್ರಿ" ಎಂದೆ. "ಈ ಗುಡ್ಡದಾಗ ಕಟ್ಟಿದ್ದು ಎಷ್ಟೈತೋ ಅಷ್ಟೂ. ಕಟ್ಟಿದೋರೇ ಬಿಚ್ಚಿ ಕೈಗೆ ಕೊಡಬೇಕು."

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಆತು ತಾಯಿ. ಕೇಳಿದ್ದು ಕೇಳಿದಂಗೆ" ಎಂದ. ನಂತರ ಒಬ್ಬೊಬ್ಬನ ಹೆಸರು ಹಿಡಿದು ಕೂಗಿ, ನೀನೆಲ್ಲಿ ಕಟ್ಟಿದ್ದೆ, ನೀನೆಲ್ಲಿ ಎಂದು ಕೇಳಿದ. ಅವರು ಗುಡ್ಡದ ನಾಲ್ಕೂ ಕಡೆ ಚದುರಿ ಹೋಗಿ ತಂತಿ ಸುತ್ತಿಕೊಂಡು ಬರತೊಡಗಿದರು. ಯಜಮಾನರೂ ಸುಮ್ಮನಿರಲಿಲ್ಲ. ಕೊಯ್ದ ಬಲೆಗೆ ಎಷ್ಟು ನೂಲು ಬೇಕೆಂದು ಕೇಳಿ, ಪೇಟೆಯಿಂದ ಕಳಿಸುತ್ತೇನೆ, ಇನ್ನು ಬೇಟೆ ಇರುವ ದಿನ ಗಾಡಿ ತರುವುದಿಲ್ಲ ಎಂದರು. ಶಿವು ತಲೆ ತಗ್ಗಿಸಿ ಹೂಂಗುಟ್ಟಿದ. ಹನುಮಂತನ ಸರದಿ ಬಂದಾಗ ಅವನು, "ನಾನು ಕಟ್ಟಿಲ್ಲ" ಎಂದಷ್ಟೇ ಹೇಳಿ, ದೂರ ಹೋಗಿ ಬಂಡೆಯ ಮೇಲೆ ಕೂತ.

ನಾವು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ಎಲ್ಲರಿಗೂ ಹಂಚಿದೆ. ಹನುಮಂತ ಮಾತ್ರ ಮುಟ್ಟಲಿಲ್ಲ. ತಂತಿಯ ಸುರುಳಿಯನ್ನು ನಜೀರನ ಗಾಡಿಗೆ ಬಿಗಿದು ಹೊರಟಾಗ ನನಗೆ ದೊಡ್ಡ ರಾಜ್ಯ ಗೆದ್ದ ಸಂಭ್ರಮ. "ಈಗ ನಾವು ಮುಂದೆ!" ಎಂದೆ. ಯಜಮಾನರು ಮುಂದಾದರು, ಹಿಂದೆ ಶಿವು, ಅವನ ಹಿಂದೆ ನಜೀರ.

ಹರಿಹರದ ಕಡೆ ಇಳಿಜಾರು. ದಾರಿ ಗುಡ್ಡವನ್ನು ಬಳಸಿಕೊಂಡು ಇಳಿಯುತ್ತದೆ. ಗಾಡಿ ವೇಗ ಹಿಡಿಯಿತು, ದೂರದಲ್ಲಿ ತುಂಗಭದ್ರೆ ಬೆಳ್ಳಗೆ ಕಂಡಿತು, ನಾನು ಹಾಡತೊಡಗಿದ್ದೆ. ಆಗ ಮೇಲಿನಿಂದ, ದಾರಿಯನ್ನು ಬಿಟ್ಟು ನೇರ ಇಳಿಜಾರಿನಲ್ಲಿ ಕಲ್ಲುಮುಳ್ಳು ನೋಡದೆ ಓಡಿ ಬರುತ್ತಿದ್ದವನು ಕಂಡ. ಹನುಮಂತ! ಒಂದು ಕೈಯಲ್ಲಿ ಕುಡುಗೋಲು. ಇನ್ನೊಂದು ಕೈಯನ್ನು ತನ್ನ ಕುತ್ತಿಗೆಗೆ ಅಡ್ಡ ಹಿಡಿದು ಆಚೆ ಈಚೆ ಎಳೆಯುತ್ತ ಏನೋ ಕಿರುಚುತ್ತಿದ್ದ.

"ಕುತ್ತಿಗೆ ಕೊಯ್ತಾನಂತೆ, ಸೂ ಮಗ!" ಎಂದು ಯಜಮಾನರು ಆಕ್ಸಿಲರೇಟರ್ ತಿರುವಿದರು. ಅವನು ಅಡ್ಡ ಬರುವ ಮೊದಲು ತಿರುವು ದಾಟಬೇಕೆಂದು ಗಾಡಿ ಚಿಮ್ಮಿತು. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಆ ಕೈ ಎಳೆಯುತ್ತಿದ್ದುದು ಗಂಟಲಿನ ಅದೇ ಜಾಗದಲ್ಲಿ, ನಾನು ವಾರವಿಡೀ ಎಣ್ಣೆ ಸವರಿದ್ದ ಜಾಗದಲ್ಲಿ.

"ನಿಲ್ಸ್ರೀ! ನಿಲ್ಸ್ರೀ! ತಂತಿ!" ಎಂದು ಎರಡೂ ಮುಷ್ಟಿಯಿಂದ ಅವರ ಬೆನ್ನು ಗುದ್ದಿದೆ. ಬ್ರೇಕಿಗೆ ಗಾಡಿ ಅಡ್ಡಡ್ಡ ಜಾರಿ, ಇಬ್ಬರೂ ಜಲ್ಲಿಯ ಮೇಲೆ ಬಿದ್ದೆವು. ಮೊಣಕೈ ತರಚಿತು, ಹೆಲ್ಮೆಟ್ಟು ಉರುಳಿ ಹೋಯಿತು. ಹಿಂದಿನ ಎರಡು ಗಾಡಿಗಳು ಹೇಗೋ ನಿಂತವು. ಅಂಗಾತ ಬಿದ್ದಲ್ಲಿಂದ ತಲೆಯೆತ್ತಿ ನೋಡಿದರೆ ನಮ್ಮಿಂದ ಮೂರು ಮಾರು ಮುಂದೆ, ತಿರುವಿನ ಬಾಯಲ್ಲಿ, ಬಿಸಿಲಿಗೆ ಒಂದು ಎಳೆ ಹೊಳೆಯುತ್ತಿತ್ತು.

ಹನುಮಂತ ಬಂದು ಏದುಸಿರು ಬಿಡುತ್ತ ಕುಡುಗೋಲಿನ ಹಿಂಬದಿಯಿಂದ ಹೊಡೆದು ತಂತಿ ಬಿಚ್ಚಿದ. ಸುತ್ತಿ, ತಂದು, ನನ್ನ ಕೈಯಲ್ಲಿಟ್ಟ.

"ಇದೂ ನಿಮ್ ಪಾಲಿಂದೇ ಅಕ್ಕ" ಎಂದ. "ಅಜ್ಜಗೆ ಸುಳ್ಳು ಹೇಳಿದ್ದೆ. ಪಾಲಿನಾಗ ಮುಚ್ಚಿಡಬಾರದು. ಕೂತಲ್ಲಿ ಕೂರಾಕಾಗ್ಲಿಲ್ಲ."

"ಯಾಕಪ್ಪ, ನಾವೇನು ಮಾಡಿದ್ವಿ ನಿನಗೆ?" ಎಂದೆ.

ಅವನು ಯಜಮಾನರನ್ನು ನೋಡಿದ. "ನನ್ನ ನಾಯಿ ಮ್ಯಾಲೆ ಗಾಡಿ ಹತ್ತಿಸಿದ್ರಿ. ಅಮಾಸಿ ಹಿಂದಿನ ವಾರ."

ಯಜಮಾನರು ಧೂಳು ಕೊಡವಿಕೊಳ್ಳುವುದನ್ನು ನಿಲ್ಲಿಸಿದರು. "ಅದು... ಎದ್ದು ಓಡಿದ್ದನ್ನ ನೋಡಿದ್ನಲ್ಲಪ್ಪ" ಎಂದರು.

"ಓಡಿತ್ರಿ. ಮನಿ ಮಟ ಓಡಿ ಬಂತು. ಬಂದು ನನ್ನ ಕಾಲತ್ರ ಸತ್ತಿತು."

ಯಜಮಾನರು ಅವನ ಹೆಗಲ ಮೇಲೆ ಕೈ ಇಡಲು ಹೋಗಿ, ಇಡಬಹುದೋ ಇಲ್ಲವೋ ತಿಳಿಯದೆ ಹಿಂದೆ ತೆಗೆದುಕೊಂಡರು. ಅದೇ ಕೈಯಿಂದ ಗಾಡಿಯ ಕೀಲಿ ತಿರುವಿ ಜೇಬಿಗೆ ಹಾಕಿಕೊಂಡು, ಹ್ಯಾಂಡಲ್ ಹಿಡಿದು ತಳ್ಳತೊಡಗಿದರು. ಶಿವುವೂ ನಜೀರನೂ ತಮ್ಮ ಗಾಡಿ ಆರಿಸಿದರು. ಇಡೀ ಗುಡ್ಡ ನಿಶ್ಶಬ್ದವಾಯಿತು. ಎಲ್ಲೋ ಗೌಜಲ ಹಕ್ಕಿಯೊಂದು ಕೂಗಿತು. ಬೆಳಗಿನಿಂದ ಅಲ್ಲಿ ಹಕ್ಕಿಗಳಿವೆ ಎಂದೇ ನನಗೆ ಗೊತ್ತಾಗಿರಲಿಲ್ಲ.

"ಇನ್ನೂ ಐತೇನಪ್ಪ ತಂತಿ?" ಎಂದು ಕೇಳಿದೆ.

"ಇಲ್ಲಕ್ಕ. ನಮ್ಮವ್ವನಾಣೆ ಇಲ್ಲ" ಎಂದ ಹನುಮಂತ.

ಇಲ್ಲ ಎಂದವನು ಮರಳಿ ಹೋಗಲಿಲ್ಲ. ನಮ್ಮ ಮುಂದೆ ಮುಂದೆ ನಡೆದ. ಪ್ರತಿ ತಿರುವಿನಲ್ಲೂ, ಎರಡು ಮರ ಎದುರುಬದುರು ನಿಂತಲ್ಲೆಲ್ಲ, ಬಲಗೈಯನ್ನು ಕುತ್ತಿಗೆಯ ಮಟ್ಟಕ್ಕೆ ಚಾಚಿ, ಕತ್ತಲಲ್ಲಿ ಬಾಗಿಲು ಹುಡುಕುವವನಂತೆ ಗಾಳಿಯನ್ನು ತಡವುತ್ತ, ಡಾಂಬರು ರಸ್ತೆ ಕಾಣುವವರೆಗೂ ಹಾಗೆಯೇ ನಡೆದ. ನಾವು ನಾಲ್ವರೂ ಅವನ ಕೈಯ ಹಿಂದೆ ಗಾಡಿ ತಳ್ಳಿಕೊಂಡು ಹರಿಹರಕ್ಕೆ ಇಳಿದೆವು.