ಅತ್ತೆ ಕಲಿಸಿದ ಈಜು

ಬನಹಟ್ಟಿಯ ನೇಕಾರರ ಓಣಿಯಲ್ಲಿ ಅನಸವ್ವನ ನಗು ಪವರ್‌ಲೂಮಿನ ಸದ್ದನ್ನೂ ದಾಟಿ ಕೇಳಿಸುತ್ತದೆ. ಈ ವರ್ಷ ಹೇಗೆ ಹೋಯಿತು ಎಂದು ಯಾರಾದರೂ ಕೇಳಿದರೆ ಆಕೆ ಮೊದಲು ನಗುತ್ತಾಳೆ, ಆಮೇಲೆ ಅತ್ತೆಯ ಕಡೆ ಕೈ ತೋರಿಸುತ್ತಾಳೆ.

ವರ್ಷ ಶುರುವಾದದ್ದು ಮಾತ್ರ ಅಳುವಿನಿಂದ. ಮದುವೆಯಾಗಿ ಬಂದಾಗಿನಿಂದ ಅನಸವ್ವ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಮಗ್ಗಗಳ ನಡುವೆ ನಿಂತೇ ದುಡಿದವಳು. ಒಂದು ಬೆಳಗ್ಗೆ, ಕಡಿದ ಎಳೆಗೆ ಗಂಟು ಹಾಕಲೆಂದು ಬಲಗೈ ಎತ್ತಿದರೆ ಅದು ಎದೆಯ ಮಟ್ಟಕ್ಕೇ ನಿಂತುಬಿಟ್ಟಿತು. ತಲೆ ಬಾಚಿಕೊಳ್ಳಲೂ ಆಗದು. ಕುಪ್ಪಸದ ತೋಳು ಏರಿಸುವಾಗ ಕಣ್ಣಲ್ಲಿ ನೀರು. ಜಮಖಂಡಿಯ ಡಾಕ್ಟರು ತೋಳನ್ನು ಅತ್ತಿತ್ತ ಆಡಿಸಿ ನೋಡಿ, ಭುಜದ ಕೀಲು ಬಿಗಿದುಕೊಂಡಿದೆ ಅಷ್ಟೇ ಎಂದು ಧೈರ್ಯ ಹೇಳಿದರು. ಗುಳಿಗೆ ಬರೆದರು, ವ್ಯಾಯಾಮ ತೋರಿಸಿದರು. “ನೋವು ಇಳಿದ ಮ್ಯಾಲೆ ಈಸಾಡಿದ್ರ ಭಾಳ ಛಲೋ ನೋಡ್ರಿ,” ಎಂದೂ ಸೇರಿಸಿದರು.

ಮರುದಿನ ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಅನಸವ್ವ ಅದನ್ನೊಂದು ತಮಾಷೆಯಂತೆ ಹೇಳಿದಳು. “ಈ ವಯಸ್ಸಿನಾಗ ನನಗ ಈಸು ಕಲಸಾಕ ಯಾರ ಬರ್ತಾರ್ರೀ?”

ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಅತ್ತೆ ಶಂಕ್ರೆವ್ವ ತಲೆ ಎತ್ತದೆ ಅಂದಳು, “ನಾ ಕಲಸ್ತೀನಿ.”

ಗಂಡ ಸೋಮಲಿಂಗನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ. “ಯವ್ವಾ, ನಿನಗ ಈಸಾಕ ಬರ್ತೈತೇನಬೇ? ಒಂದಿನಾನೂ ಹೇಳಿಲ್ಲಲ್ಲ!”

“ಗಲಗಲಿಯಾಗ ಹೊಳಿ ದಂಡಿಗೆ ಬೆಳದಾಕಿ ನಾ. ಇಲ್ಲೆ ಯಾರ ಕೇಳಿದ್ರಿ?”

ನೋವು ಇಳಿಯುವವರೆಗೆ ಮಗ್ಗದ ಕೆಲಸ ಸೋಮಲಿಂಗನ ಪಾಲಿಗೆ ಬಂತು. ನೂಲು ತರುವುದು, ಸೀರೆ ಮಾರುವುದು ಇಷ್ಟೇ ಗೊತ್ತಿದ್ದ ಮನುಷ್ಯ ಮೊದಲ ದಿನವೇ ಸಂಜೆಗೆ ನಡು ಹಿಡಿದುಕೊಂಡು ಕಟ್ಟೆಯ ಮೇಲೆ ಒರಗಿದ. “ದಿನಾ ಹೆಂಗ ನಿಂದರ್ತಿದ್ದೀ ಮಾರಾಯ್ತಿ?” ಎಂದ. ಅನಸವ್ವನಿಗೆ ಆ ಒಂದು ಮಾತು ಗುಳಿಗೆಗಿಂತ ಹೆಚ್ಚು ಹಿತವಾಯಿತು. ಅದೇ ವಾರ ಅವನು ಪಕ್ಕದ ಮನೆಯ ಪದ್ಮವ್ವನನ್ನು ಮಧ್ಯಾಹ್ನದ ಕೆಲಸಕ್ಕೆ ಗೊತ್ತುಮಾಡಿದ. ಆ ಏರ್ಪಾಡು ಇಂದಿಗೂ ನಡೆದಿದೆ.

ಬೇಸಿಗೆಯ ಕೊನೆಗೆ ಅತ್ತೆ ಸೊಸೆ ಇಬ್ಬರೂ ಊರಾಚೆಯ ಕಬ್ಬಿನ ತೋಟದ ಮೆಟ್ಟಿಲು ಬಾವಿಗೆ ಹೊರಟರು. ಶಂಕ್ರೆವ್ವ ಸೀರೆಯನ್ನು ಕಚ್ಚೆ ಕಟ್ಟಿ ನೀರಿಗಿಳಿದಳು. ಇಳಿದ ಮೇಲೆ ಅವಳಿಗೆ ವಯಸ್ಸೇ ಇರಲಿಲ್ಲ. ಮುಳುಗದಿರಲೆಂದು ಸೊಸೆಯ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿದ್ದರೂ ಅವಳು ಮೆಟ್ಟಿಲು ಬಿಡಲೊಲ್ಲಳು.

“ಕಾಲ ಬಡಿಯಬೇ! ನೀರೇನ ನಿನ್ನ ನುಂಗತೈತಿ?”

“ನಾನಽ ಅದನ್ನ ನುಂಗಾಕತ್ತೇನ್ರೀ ಅತ್ತೀ!” ಎಂದು ಅನಸವ್ವ ಕೆಮ್ಮುತ್ತಲೇ ನಕ್ಕಳು.

ಕರೆಂಟು ಹೋಗಿ ಮಗ್ಗ ನಿಂತಾಗಲೆಲ್ಲ ಇಬ್ಬರೂ ಬಾವಿಯ ದಾರಿ ಹಿಡಿಯುತ್ತಿದ್ದರು. ಶ್ರಾವಣದ ಒಂದು ದಿನ, ನಡುಬಾವಿಯಲ್ಲಿ ಹಗ್ಗ ಬಿಚ್ಚಿ ಡಬ್ಬಿ ತನ್ನಷ್ಟಕ್ಕೆ ತೇಲಿಹೋಯಿತು. “ಅತ್ತೀ, ಡಬ್ಬಿ ಹೊಂಟ್ತರೀ!” ಎಂದು ಅನಸವ್ವ ಚೀರಿದಳು. “ಅದು ಹೋಗಲಿ, ನೀ ಬಾ,” ಎಂದಳು ಮೆಟ್ಟಿಲ ಬಳಿ ನಿಂತಿದ್ದ ಶಂಕ್ರೆವ್ವ. ಅನಸವ್ವ ಹೋದಳು. ಮೆಟ್ಟಿಲು ಮುಟ್ಟಿದ ಮೇಲೆಯೇ ತಾನು ಈಜಿದ್ದು ಅವಳಿಗೆ ತಿಳಿದದ್ದು. ದಸರೆಯ ಹೊತ್ತಿಗೆ ಕೈ ತಲೆಯ ಮೇಲಕ್ಕೆ ಸಲೀಸಾಗಿ ಹೋಗುತ್ತಿತ್ತು. ದೀಪಾವಳಿಯ ಸೀರೆಗಳನ್ನು ಅವಳೂ ಪದ್ಮವ್ವನೂ ಹಾಡು ಹೇಳಿಕೊಂಡು ನೇಯ್ದರು.

ಸಂಕ್ರಾಂತಿಗೆ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಗಲಗಲಿಗೆ ಹೋದರು. ಕೃಷ್ಣೆ ದಂಡೆ ತುಂಬಿ ನಿಂತಿತ್ತು. ಶಂಕ್ರೆವ್ವನ ತಮ್ಮ ಯಲ್ಲಾಲಿಂಗ ದೋಣಿ ತಂದಿದ್ದ. ಹೊಳೆಯೊಳಗೆ ತಲೆ ಎತ್ತಿದ್ದ ಕರಿಬಂಡೆಯನ್ನು ತೋರಿಸಿ ಅನಸವ್ವ, “ಅಲ್ಲೀತನಕ ಹೋಗ್ಲೇನ್ರೀ ಮಾವಾ?” ಎಂದಳು.

“ಹೋಗಬೇ, ನಾ ಬಾಜೂಕ ಬರ್ತೀನಿ.”

ಅರ್ಧ ದಾರಿಯಲ್ಲಿ ಅವಳ ಎದುರಿಗೇ ನೀರಿನಿಂದ ಒಂದು ಕಪ್ಪು ಮೂತಿ ಮೇಲೆದ್ದಿತು. “ಮೊಸಳಿ!” ಎಂದು ಕೂಗಿ ಅನಸವ್ವ ದೋಣಿಯ ಅಂಚು ಹಿಡಿದಳು. ಮೂತಿಯ ಹಿಂದೆ ಎರಡು ಕೋಡು ಕಂಡವು. ಯಾರದೋ ಎಮ್ಮೆ, ತನ್ನ ಪಾಡಿಗೆ ತಾನು ಆಚೆ ದಡಕ್ಕೆ ಹೊರಟಿತ್ತು. ಯಲ್ಲಾಲಿಂಗ ನಕ್ಕ ನಗೆಗೆ ದೋಣಿ ಹೊಯ್ದಾಡಿತು. ದೋಣಿಯಲ್ಲಿ ಕೂತಿದ್ದ ಶಂಕ್ರೆವ್ವನಿಗೆ ಇನ್ನು ತಡೆಯಲಾಗಲಿಲ್ಲ.

“ಸರಿ ಅತ್ತಾಗ,” ಎಂದು ಸೆರಗು ಬಿಗಿದು ನೀರಿಗೆ ಹಾರಿಯೇಬಿಟ್ಟಳು.

“ಅಕ್ಕಾ!” ಎಂದ ಯಲ್ಲಾಲಿಂಗ. ಅಕ್ಕ ಆಗಲೇ ಎರಡು ಮಾರು ಮುಂದೆ ಹೋಗಿದ್ದಳು.

ಅತ್ತೆ ಸೊಸೆ ಜೋಡಿಯಾಗಿ ಬಂಡೆ ಮುಟ್ಟಿ, ಮೇಲೆ ಹತ್ತಿ, ಏದುಸಿರು ಬಿಡುತ್ತ ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ದಂಡೆಯಿಂದ ಸೋಮಲಿಂಗ ಊಟಕ್ಕೆ ಕೂಗುತ್ತಲೇ ಇದ್ದ.

“ಒದರಲಿ,” ಎಂದಳು ಶಂಕ್ರೆವ್ವ. “ಮದಿವಿ ಆದ ಮ್ಯಾಲೆ ಇಲ್ಲಿ ಬಂದೇ ಇಲ್ಲ ನೋಡ. ಇನ್ನೊಂದ ಈಟ ಕೂಡೂಣು.”

ಸಂಜೆ ಟೆಂಪೊದಲ್ಲಿ ಅತ್ತೆ ಜಮಖಂಡಿಯವರೆಗೂ ಮಾತು ನಿಲ್ಲಿಸಲಿಲ್ಲ: ಚಿಕ್ಕಂದಿನ ಗೆಳತಿಯರು, ಮಹಾಪೂರ ಬಂದ ವರ್ಷ, ಕದ್ದು ತಿಂದ ಕಲ್ಲಂಗಡಿ. ಸೊಸೆ ಕೇಳುತ್ತ ಕೇಳುತ್ತ ನಡುವೆ ಬಾಯಿ ಹಾಕಿದಳು.

“ಅತ್ತೀ, ಮತ್ತ ಯಾವಾಗ ಬರೂಣ್ರೀ?”

“ಹೋಳಿ ಹುಣ್ಣಿವಿ ಆಗಲಿ,” ಎಂದು ಶಂಕ್ರೆವ್ವ ಮತ್ತೆ ಕಲ್ಲಂಗಡಿಯ ಕಥೆಗೆ ಮರಳಿದಳು.