ಸಂಜೆ ನಾಲ್ಕೂವರೆಯ ಚಡಪಡಿಕೆ

ಮಗಳು ಹುಟ್ಟಿದ ಒಂಬತ್ತನೆಯ ದಿನ ಅಮ್ಮ ನನ್ನ ಕೈಗೆ ಮೊದಲ ಲೋಟ ಕೊಟ್ಟಳು. ಬಿಸಿನೀರಿಗೆ ಎರಡು ಮುಚ್ಚಳ ಬ್ರಾಂದಿ. ಕೊಪ್ಪದ ಹತ್ತಿರದ ನಮ್ಮೂರಿನಲ್ಲಿ ಬಾಣಂತಿಗೆ ಅದನ್ನು ಕೊಟ್ಟರೆ ಯಾರೂ ಕುಡಿತ ಅನ್ನುತ್ತಿರಲಿಲ್ಲ. ಮೆಣಸಿನ ಸಾರು, ಶುಂಠಿ ಲೇಹ್ಯದ ಹಾಗೆ ಅದೂ ಒಂದು ಮದ್ದು. "ಮೂಗು ಮುಚ್ಕೊಂಡು ಕುಡಿ ಮಾರಾಯ್ತಿ, ಶೀತ ಹತ್ರ ಬರೂದಿಲ್ಲ" ಅಂದಳು. ಹಾಗೇ ಕುಡಿದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಇಪ್ಪತ್ತನಾಲ್ಕು.

ಹದಿನೈದು ದಿನ ಕಳೆಯುವಷ್ಟರಲ್ಲಿ ಮೂಗು ಮುಚ್ಚಿಕೊಳ್ಳುವುದನ್ನು ಬಿಟ್ಟಿದ್ದೆ. ಬಾಣಂತನ ಮುಗಿದ ಮೇಲೆ ಅಮ್ಮ ಉಳಿದ ಬಾಟಲಿಯನ್ನು ಮೇಲಿನ ಗೂಡಿಗೆ ಎತ್ತಿಟ್ಟಳು. ಅವತ್ತು ಸಂಜೆ ನಾಲ್ಕೂವರೆಗೆ ನನ್ನ ಮೈ ಏನನ್ನೋ ಕಾಯತೊಡಗಿತು. ಮಗುವನ್ನು ಎತ್ತಿದೆ, ಇಳಿಸಿದೆ. ಬಾಗಿಲಿಗೆ ಹೋದೆ, ಬಂದೆ. ಒಣಗಿದ ಬಟ್ಟೆ ಮಡಿಸಿದೆ, ಬಿಡಿಸಿ ಮತ್ತೆ ಮಡಿಸಿದೆ.

"ಎಂತ ಆಯ್ತು ನಿಂಗೆ? ಒಂದು ಕಡೆ ಕೂತ್ಕೋ" ಅಂದಳು ಅಮ್ಮ. ಕೂತೆ. ಕೂತಲ್ಲಿಯೂ ಕಾಲು ಅಲ್ಲಾಡುತ್ತಲೇ ಇತ್ತು.

ನನ್ನ ಗಂಡ ಬಾಳೆಹೊನ್ನೂರಿನ ಆಚೆಗಿನ ಒಂದು ಕಾಫಿ ತೋಟದಲ್ಲಿ ರೈಟರು. ಆಳುಗಳ ಕೆಲಸ ನೋಡಿ ಬರೆದಿಡುವ ಹುದ್ದೆ ಅದು. ಮಗಳಿಗೆ ಐದು ತಿಂಗಳಾದಾಗ ನಾನು ತೋಟಕ್ಕೆ ಮರಳಿದೆ. ಕೂಲಿ ಹೆಂಗಸರ ಮಕ್ಕಳಿಗಾಗಿ ಅಲ್ಲೊಂದು ಶಿಶುವಿಹಾರವಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆನೆಂದು ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಕೊಟ್ಟರು. ಮಗಳನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ.

ಮನೆಯ ಬೀರುವಿನಲ್ಲಿ ಗಂಡನ ರಮ್ಮಿನ ಬಾಟಲಿ ಇರುತ್ತಿತ್ತು. ಮೊದಲು ಕದ್ದದ್ದು ಅದರಿಂದ. ಕುಡಿದಷ್ಟು ನೀರು ಸೇರಿಸಿ ಮಟ್ಟ ಸರಿಮಾಡುತ್ತಿದ್ದೆ. ಒಂದು ಭಾನುವಾರ ಅವರು ಮನೆಗೆ ಬಂದ ನೆಂಟರ ಹತ್ತಿರ, "ಈಗಿನ ರಮ್ಮಲ್ಲಿ ಸತ್ವವೇ ಇಲ್ಲ ಮಾರಾಯ" ಅಂದಾಗ ನಾನು ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದೆ. ಆಮೇಲೆ ನನ್ನ ಬಾಟಲಿಯನ್ನು ನಾನೇ ತರತೊಡಗಿದೆ.

ಬ್ರಾಂದಿ ಅಂಗಡಿಯ ಮುಂದೆ ಹೆಂಗಸು ನಿಂತರೆ ಎಲ್ಲರೂ ತಿರುಗಿ ನೋಡುವ ಕಾಲ. ಆದರೆ "ಬಾಣಂತಿಗೆ" ಎಂದರೆ ಸಾಕು, ಕಾಲು ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಮರ್ಯಾದೆಯಿಂದ ಕೊಡುತ್ತಿದ್ದರು. ತೊಂದರೆ ಏನೆಂದರೆ ಒಂದೇ ಅಂಗಡಿಗೆ ಮತ್ತೆ ಮತ್ತೆ ಹೋಗುವಂತಿರಲಿಲ್ಲ. ಒಮ್ಮೆ ಬಾಳೆಹೊನ್ನೂರು, ಒಮ್ಮೆ ಕೊಪ್ಪ, ಇನ್ನೊಮ್ಮೆ ನರಸಿಂಹರಾಜಪುರ. ಮಗುವನ್ನು ಸೊಂಟಕ್ಕೇರಿಸಿಕೊಂಡು ಬಸ್ಸು ಹತ್ತುವುದು, ಇಳಿಯುವುದು, ಪರಿಚಯದ ಮುಖ ಕಂಡರೆ ಬಟ್ಟೆ ಅಂಗಡಿಗೆ ನುಗ್ಗುವುದು. ಮನೆಯಲ್ಲಿ ನೆವ ಹೇಳಲು ಮಗುವಿನ ಕೆಮ್ಮಿತ್ತು, ಹೊಲಿಯಲು ಕೊಟ್ಟ ರವಿಕೆಯಿತ್ತು. ಅವು ಸವೆದ ಮೇಲೆ ಒಂದು ದಿನ ಶೃಂಗೇರಿಗೆ ದರ್ಶನಕ್ಕೆ ಹೋಗುತ್ತೇನೆಂದು ಹೊರಟು ಕೊಪ್ಪದಲ್ಲೇ ಇಳಿದೆ. ಕೆಲಸ ಮುಗಿಸಿ ಮುಂದಿನ ಬಸ್ಸಿಗೇ ವಾಪಸಾದೆ.

ಕೈಕಾಲು ತೊಳೆದುಕೊಂಡು ಬಂದ ಗಂಡ ಕೈ ಚಾಚಿದರು. "ಪ್ರಸಾದ ಎಲ್ಲಿ?"

"ಬಸ್ಸಲ್ಲಿ ಇವಳು ಅತ್ತಳು. ಇವಳಿಗೇ ಕೊಟ್ಟುಬಿಟ್ಟೆ."

ಮಗಳಿಗೆ ಆಗ ಹಲ್ಲು ಕೂಡ ಸರಿಯಾಗಿ ಬಂದಿರಲಿಲ್ಲ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ನರಸಿಂಹರಾಜಪುರದ ಅಂಗಡಿಯವನು ಒಮ್ಮೆ ಕೇಳಿದ, "ಈ ವರ್ಷ ನಿಮ್ಮ ಮನೇಲಿ ಎಷ್ಟು ಬಾಣಂತಿಯರಮ್ಮಾ?" ಅವನ ಮಾತಿನಲ್ಲಿ ಕುಹಕವಿತ್ತೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಆದರೂ ಕಿವಿ ಕಾದುಹೋಯಿತು. ಚೀಲವನ್ನು ಎದೆಗೆ ಒತ್ತಿಕೊಂಡು ಬಸ್ ಸ್ಟ್ಯಾಂಡಿನವರೆಗೂ ಓಡುನಡಿಗೆಯಲ್ಲಿ ಹೋದೆ. ಅಷ್ಟಾದರೂ ಕುಡಿಯುವುದು ನಿಲ್ಲಲಿಲ್ಲ. ನಾಲ್ಕೂವರೆ ಮೂರಾಯಿತು. ಮೂರು ಹನ್ನೆರಡಾಯಿತು.

ಶಿಶುವಿಹಾರದಲ್ಲಿ ನನ್ನ ಜೊತೆ ಒಬ್ಬಳು ಆಯಾ ಇದ್ದಳು. ಐವತ್ತರ ಆಸುಪಾಸು. ತೋಟದಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದವಳನ್ನು ಬೆನ್ನುನೋವು ಹೆಚ್ಚಾದ ಮೇಲೆ ಮಕ್ಕಳಿಗೆ ಗಂಜಿ ಬೇಯಿಸಲು ಹಾಕಿದ್ದರು. ಸಂಜೆ ಅವಳು ಬಗನಿ ಮರದ ಕಳ್ಳು ಕುಡಿಯುತ್ತಿದ್ದಳು, ಅದು ಸಿಗದಿದ್ದರೆ ಸಾರಾಯಿ. ಅವಳದ್ದು ಮುಚ್ಚುಮರೆಯಿಲ್ಲದ ಕುಡಿತ. ಕೂಲಿಗಳ ಮನೆಸಾಲಿಗೆಲ್ಲ ಗೊತ್ತಿತ್ತು. ನಾನು ಅವಳಿಗೆ ಬುದ್ಧಿಯನ್ನೂ ಹೇಳಿದ್ದೆ. "ಹೌದಮ್ಮಾ, ಒಳ್ಳೇದಲ್ಲ" ಎಂದಿದ್ದಳು, ನನ್ನ ಮುಖವನ್ನೇ ನೋಡುತ್ತಾ.

ಒಂದು ಬೇಸಗೆಯ ಮಧ್ಯಾಹ್ನ ಜೋಲಿಯಲ್ಲಿದ್ದ ಆರು ತಿಂಗಳ ಕೂಸು ಅತ್ತಿತು. ಎತ್ತಿಕೊಂಡೆ. ಎತ್ತಿಕೊಂಡು ಗಂಜಿ ಕುದಿಯುತ್ತಿದ್ದ ಒಲೆಯ ಕಡೆಗೆ ಯಾಕೆ ನಡೆದೆನೋ ಗೊತ್ತಿಲ್ಲ. ಆಯಾ ಅಡ್ಡ ಬಂದು ನಿಂತಳು.

"ಕೂಸು ಕೊಡಿ."

"ನಾನೇ ಸಮಾಧಾನ ಮಾಡ್ತೀನಿ, ಬಿಡು."

"ಕೊಡಿ ಅಮ್ಮಾ. ನಿಮ್ಮ ಕೈ ನಿಮ್ಮ ಮಾತು ಕೇಳ್ತಾ ಇಲ್ಲ."

ಕೂಸನ್ನು ಮೆಲ್ಲಗೆ ಬಿಡಿಸಿಕೊಂಡಳು. ಯಾರೂ ಬೀಳಲಿಲ್ಲ, ಏನೂ ಆಗಲಿಲ್ಲ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. "ಯಾರ ಹತ್ರ ಮಾತಾಡ್ತಿದೀಯ ಗೊತ್ತಾ? ನಿನ್ನನ್ನ ಕೆಲಸದಿಂದ ತೆಗೆಸ್ತೀನಿ" ಎಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅವಳು ಕೂಸಿನ ಬೆನ್ನು ತಟ್ಟುತ್ತಲೇ ಹೇಳಿದಳು. "ತೆಗೆಸಿ. ನಾನು ಕುಡಿಯೂದು ಕೆಲ್ಸ ಬಿಟ್ಟ ಮೇಲೆ. ಹಿಂದೊಂದು ದಿನ ಹಗಲೇ ಕುಡ್ದು ಮಲಗಿದ್ದೆ. ನನ್ನ ಮಗಳು ಒಲೆಗೆ ಕೈ ಹಾಕಿದ್ದು ಅವತ್ತೇ. ಅವಳ ಎಡಗೈ ನೋಡಿದೀರಲ್ಲ?"

ನೋಡಿದ್ದೆ. ಬೆರಳುಗಳು ಮುದುಡಿಹೋದ ಆ ಕೈಯಿಂದಲೇ ಅವಳ ಮಗಳು ಕಾಫಿ ಗಿಡದ ಕೊಂಬೆ ಬಗ್ಗಿಸಿ ಹಿಡಿದು, ಇನ್ನೊಂದು ಕೈಯಿಂದ ಹಣ್ಣು ಕೊಯ್ಯುತ್ತಿದ್ದಳು. ಹೇಗಾಯಿತೆಂದು ನಾನು ಕೇಳಿರಲಿಲ್ಲ.

"ನನ್ನದು ಯಾವಾಗಿಂದ ಗೊತ್ತು ನಿಂಗೆ?"

"ಮೊದಲಿಂದ್ಲೂ. ನೀವು ಏಲಕ್ಕಿ ಅಗೀತೀರಿ. ಏಲಕ್ಕಿ ಎಲ್ಲ ಮುಚ್ಚುದಿಲ್ಲಮ್ಮ."

ಅವತ್ತೇ ಬಿಡುತ್ತೇನೆಂದುಕೊಂಡೆ. ಯಾರಿಗೂ ಹೇಳದೆ, ಒಬ್ಬಳೇ. ಎರಡು ದಿನ ಬೆವರಿದೆ, ವಾಂತಿ ಮಾಡಿದೆ, ಕೈ ನಡುಗಿ ಮಗಳಿಗೆ ಅನ್ನ ಕಲೆಸಿ ತಿನ್ನಿಸಲೂ ಆಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮನೆಗೆ ಹುಡುಕಿಕೊಂಡು ಬಂದ ಆಯಾ, ನನ್ನ ಮಗಳನ್ನು ತನ್ನ ಮಗಳ ಹತ್ತಿರ ಬಿಟ್ಟು, ನನ್ನನ್ನು ನರಸಿಂಹರಾಜಪುರದ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು. ಲೇಡಿ ಡಾಕ್ಟರು "ಏನಮ್ಮಾ?" ಎಂದರೆ ನಾನು "ಸುಸ್ತು" ಅಂದೆ.

"ಸುಳ್ಳು ಹೇಳೂಕೆ ಇಷ್ಟು ದೂರ ಬಂದದ್ದಾ?" ಎಂದಳು ಆಯಾ, ಪಕ್ಕದಲ್ಲೇ ನಿಂತು.

ಆಗ ಹೇಳಿದೆ. ಮೊದಲ ಲೋಟದಿಂದ ಶುರುಮಾಡಿ ಎಲ್ಲವನ್ನೂ. ಡಾಕ್ಟರು ಬೈಯಲಿಲ್ಲ. ಹೀಗೆ ಇದ್ದಕ್ಕಿದ್ದ ಹಾಗೆ ಒಬ್ಬರೇ ಬಿಟ್ಟರೆ ಜೀವಕ್ಕೇ ಅಪಾಯ, ಮೊದಲೇ ಬರಬೇಕಿತ್ತು ಎಂದು ನಾಲ್ಕು ದಿನ ಅಲ್ಲೇ ಇರಿಸಿಕೊಂಡು ಮಾತ್ರೆ ಕೊಟ್ಟರು. ಕಳಿಸುವಾಗ ಎರಡು ಮಾತು ಹೇಳಿದರು: "ನಾಲ್ಕು ಗಂಟೆಯೊಳಗೆ ಹೊಟ್ಟೆ ತುಂಬ ಏನಾದರೂ ತಿನ್ನಿ. ನಾಲ್ಕೂವರೆಗೆ ಮನೆಯೊಳಗೆ ಇರಬೇಡಿ."

ಗಂಡ ಆಸ್ಪತ್ರೆಗೆ ಬಂದು ಮಂಚದ ತುದಿಯಲ್ಲಿ ಕೂತರು. "ಏನು ಕಡಿಮೆ ಮಾಡಿದ್ದೆ ನಿಂಗೆ?"

"ಏನೂ ಇಲ್ಲ."

"ಮತ್ತೆ ಯಾಕೆ?"

ಬೀರುವಿನಲ್ಲಿ ಬಾಟಲಿ ಇಡುವುದು ಬೇಡ ಎಂದೆ. "ನಾನು ಕುಡಿಯೋದೂ ನೀನು ಕುಡಿಯೋದೂ ಒಂದೇನಾ?" ಅಂದರು. ಎರಡು ವಾರ ಮಾತು ಬಿಟ್ಟರು. ಆಮೇಲೆ ಒಂದು ದಿನ ಬಾಟಲಿ ಬೀರುವಿನಿಂದ ತೋಟದ ಆಫೀಸಿಗೆ ಹೋಯಿತು. ಅವರು ಮಾಡಿದ್ದು ಅಷ್ಟು. ನನಗೆ ಅದೂ ದೊಡ್ಡದಾಗಿ ಕಂಡಿತು.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಆಯಾ ಬೇಯಿಸಿದ ಗೆಣಸು ತಂದು ಮುಂದಿಟ್ಟಳು. "ತಿನ್ನಿ. ಆಮೇಲೆ ನಡೀರಿ." ಮಗಳನ್ನು ಅವಳೇ ಎತ್ತಿಕೊಂಡಳು. ತೋಟದ ಗೇಟಿನವರೆಗೆ ಏರಿ, ಹಳ್ಳದ ಮೋರಿಯವರೆಗೆ ಇಳಿದು, ಮತ್ತೆ ಮನೆಗೆ. ನಾನು ಅಟ್ಟಿಸಿಕೊಂಡು ಬಂದವಳ ಹಾಗೆ ನಡೆಯುತ್ತಿದ್ದೆ.

"ಯಾರ ಮನೆಗೆ ಬೆಂಕಿ ಬಿದ್ದಿದೆ ಮಾರಾಯ್ತಿ? ಮೆಲ್ಲ ಹೋಗುವ" ಎಂದು ಹಿಂದಿನಿಂದ ಕೂಗಿದವಳು ನಾಲಿಗೆ ಕಚ್ಚಿಕೊಂಡಳು. ರೈಟರ ಹೆಂಡತಿಯನ್ನು ಅವಳು ಮಾರಾಯ್ತಿ ಅಂದದ್ದು ಅದೇ ಮೊದಲು. ನನಗೆ ನಗು ಬಂತು. ಅವತ್ತಿನಿಂದ ನಾನೂ ಅವಳನ್ನು ಅಕ್ಕಾ ಎನ್ನತೊಡಗಿದೆ.

ಆ ಹೊತ್ತಿಗೆ ಅವಳಿಗೂ ಗಂಟಲು ಒಣಗುತ್ತಿತ್ತು. ಅವಳು ಅದನ್ನು ಮರೆಮಾಚಲಿಲ್ಲ. "ಈಗ ಕಳ್ಳು ಇಳಿಸುವ ಹೊತ್ತು" ಎಂದು ಕಾಡಿನ ಕಡೆ ನೋಡಿ ಉಗುಳು ನುಂಗುತ್ತಿದ್ದಳು. ಪೂರ್ತಿ ಬಿಡುತ್ತೇನೆಂದು ಅವಳು ಯಾವತ್ತೂ ಹೇಳಲಿಲ್ಲ. ಕುಡಿಯುವುದನ್ನು ಭಾನುವಾರಕ್ಕೆ ಮಾತ್ರ ಇಟ್ಟುಕೊಂಡಳು, ಸಾರಾಯಿಯನ್ನು ಮುಟ್ಟಲಿಲ್ಲ.

ಮೂರು ತಿಂಗಳ ನಂತರ ತಂಗಿಯ ಸೀಮಂತಕ್ಕೆಂದು ತವರಿಗೆ ಹೋಗಿ ಬರುವಾಗ ಕೊಪ್ಪದಲ್ಲಿ ಬಸ್ಸು ತಡವಾಯಿತು. ಗಡಿಯಾರ ನೋಡಿದೆ, ನಾಲ್ಕೂವರೆ. ಕಾಲು ತಾನಾಗಿಯೇ ಅಂಗಡಿಗೆ ನಡೆಯಿತು. ತೋಟಕ್ಕೆ ಬಂದು ಕುಡಿದೆ. ಮರುದಿನ ಶಿಶುವಿಹಾರಕ್ಕೆ ಹೋಗಲು ಮುಖವಿರಲಿಲ್ಲ, ಆದರೂ ಹೋದೆ. "ಅಕ್ಕಾ, ನಿನ್ನೆ ಕುಡಿದೆ" ಎಂದೆ. ಅವಳು ಪಾತ್ರೆ ಉಜ್ಜುತ್ತಿದ್ದಳು. ತಲೆಯೆತ್ತಲಿಲ್ಲ.

"ಇವತ್ತು ನಡೆಯೂಕೆ ಬರ್ತೀರಲ್ಲ?"

"ಬರ್ತೀನಿ."

"ಉಳಿದದ್ದಿದ್ರೆ ಚೆಲ್ಲಿ ಬನ್ನಿ."

ಚೆಲ್ಲಿದೆ. ಆಮೇಲೆ ಇನ್ನೊಂದೇ ಸಲ ಜಾರಿದೆ. ಅಲ್ಲಿಗೆ ನಿಂತಿತು.

ಮುಂದಿನ ಕಾಫಿ ಕೊಯ್ಲಿನ ಹೊತ್ತಿಗೆ ಮನೆಸಾಲಿನ ಇಬ್ಬರು ಹೆಂಗಸರು ನಮ್ಮ ಜೊತೆ ನಡೆಯತೊಡಗಿದರು. ಅವರಲ್ಲೊಬ್ಬಳು ದಿನಾ ಗಂಡನ ಜೊತೆ ಕೂತು ಸಾರಾಯಿ ಕುಡಿಯುತ್ತಿದ್ದವಳು. ಗಂಡಸರು ನಮ್ಮನ್ನು ಕಂಡರೆ "ಪೆರೇಡು ಹೊರಟಿತು" ಎಂದು ನಗುತ್ತಿದ್ದರು. ಆಯಾ "ಹೌದು, ನೀವೂ ಬನ್ನಿ, ಹೊಟ್ಟೆ ಕರಗ್ತದೆ" ಎನ್ನುತ್ತಿದ್ದಳು.

ಎರಡು ವರ್ಷದ ನಂತರ ಗಂಡನಿಗೆ ಶೃಂಗೇರಿಯ ಕಡೆಯ ಬೇರೊಂದು ತೋಟದಲ್ಲಿ ಕೆಲಸ ಸಿಕ್ಕಿತು. ಸಾಮಾನು ಲಾರಿಗೆ ಹೇರಿದ ದಿನ ಆಯಾ ಗೇಟಿನವರೆಗೆ ಬಂದಳು. ಹೊಸ ಊರು, ಗೊತ್ತಿಲ್ಲದ ಅಂಗಡಿಗಳು, ಗೊತ್ತಿಲ್ಲದ ಜನ.

"ಹೋದ ಕೂಡ್ಲೇ ಒಬ್ಬಳಿಗಾದ್ರೂ ಹೇಳಿ. ಮುಚ್ಚಿಟ್ಕೊಂಡು ಕೂರಬೇಡಿ" ಎಂದಳು.

ಕೂಡಲೇ ಹೇಳಲು ಧೈರ್ಯ ಬರಲಿಲ್ಲ. ನಾಲ್ಕನೆಯ ದಿನ ಸಂಜೆ ಅಂಗಳದಲ್ಲಿ ಅತ್ತಿಂದಿತ್ತ ಸುತ್ತಿ ಸುತ್ತಿ ಸಾಕಾಗಿ, ಪಕ್ಕದ ಮನೆಯ ಬಾಗಿಲು ಬಡಿದೆ. ತೋಟದ ಗೇಟಿನ ಎದುರು ದಿನಸಿ ಅಂಗಡಿ ಇಟ್ಟಿದ್ದ ಸಾಬರ ಹೆಂಡತಿ ಬಾಗಿಲು ತೆರೆದಳು. ನನಗಿಂತ ಚಿಕ್ಕವಳು. ನಿಂತಲ್ಲೇ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಅವಳು ಕಣ್ಣು ಅಗಲ ಮಾಡಿ ಕೇಳಿದಳು. ಬಾಗಿಲು ಹಾಕಿಕೊಳ್ಳುತ್ತಾಳೇನೋ ಅಂದುಕೊಂಡೆ.

"ನಮಗೆ ಅದೆಲ್ಲ ಗೊತ್ತಿಲ್ಲ ಅಕ್ಕಾ" ಎಂದಳು ಕೊನೆಗೆ. "ಆದ್ರೆ ಸಂಜೆ ಆದ್ರೆ ನಂಗೂ ಮನೇಲಿ ಕೂರೂಕೆ ಆಗೂದಿಲ್ಲ."

ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಒಲೆಯ ಮೇಲಿದ್ದ ಹಾಲು ಇಳಿಸಿ ಬರುತ್ತೇನೆಂದು ಒಳಗೆ ಹೋದಳು. ನಾನು ಮಗಳ ಕೈ ಹಿಡಿದುಕೊಂಡು ಮೆಟ್ಟಿಲ ಹತ್ತಿರ ಕಾಯುತ್ತಾ ನಿಂತೆ.